ಬಿಗಿ ಎಂದರೆ ಎಷ್ಟು ಬಿಗಿ? ಹಳೆಯ ಮೊಪೆಡ್ ಇರುವ ಸಹೋದರಿಯರಿಗೆ



ಲೂನಾ 1972ರಲ್ಲಿ ಪುಣೆಯಿಂದ ಬಂತು. ಟಿವಿಎಸ್ 50 ಗಾಡಿ 1980ರಲ್ಲಿ ಹೊಸೂರಿನಿಂದ ಬಂತು. ಆ ಕಾಲಕ್ಕೆ ಕಾಲೇಜು ಹುಡುಗರ ಕನಸಿನ ಗಾಡಿಗಳಿವು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಇಂಥ ಹಳೆಯ ಮೊಪೆಡ್ಡುಗಳು ಈಗಲೂ ಹಾಲಿನ ಕ್ಯಾನು, ಮೇವಿನ ಹೊರೆ, ಸಂತೆಯ ಬುಟ್ಟಿ ಹೊತ್ತು ದುಡಿಯುತ್ತವೆ. ಸಂಘದ ಸಾಲದಿಂದ ಹಳೇ ಗಾಡಿ ಕೊಂಡು, ಸಣ್ಣಪುಟ್ಟ ಸರ್ವಿಸ್ ಮನೆಯಲ್ಲೇ ಮಾಡಿಕೊಳ್ಳುವ ಅಕ್ಕಂದಿರೂ ಇದ್ದಾರೆ. ಒಳ್ಳೆಯದೇ. ಆದರೆ ಬಿಚ್ಚುವುದು ಸುಲಭ, ಸರಿಯಾಗಿ ಬಿಗಿ ಮಾಡುವುದು ಕಲಿಯಬೇಕಾದ ಕೆಲಸ.

ನಟ್ಟು ಸಡಿಲಾದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಹೆಚ್ಚು ಬಿಗಿ ಮಾಡಿದರೂ ಅಷ್ಟೇ ಹಾನಿ ಎಂಬುದು ಹಲವರಿಗೆ ಗೊತ್ತಿಲ್ಲ. ಬೋಲ್ಟು ಬಿಗಿಯಾದಾಗ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಆ ಹಿಗ್ಗಿದ್ದು ಹಿಂದಕ್ಕೆ ಎಳೆಯುವುದರಿಂದಲೇ ಹಿಡಿತ ಬರುತ್ತದೆ. ಲಂಗದ ಇಲಾಸ್ಟಿಕ್ ನೋಡ್ರಿ, ಹದಕ್ಕೆ ಎಳೆದರೆ ಹಿಡಿಯುತ್ತದೆ, ಮಿತಿ ಮೀರಿ ಎಳೆದರೆ ಸತ್ತು ಹೋಗುತ್ತದೆ. ಬೋಲ್ಟೂ ಹಾಗೇ.

ಹೆಚ್ಚು ನಷ್ಟ ಆಗುವುದು ಪ್ಲಗ್ಗಿನಲ್ಲಿ. ಎಂಜಿನ್ನಿನ ಹೆಡ್ಡು ಅಲ್ಯುಮಿನಿಯಂ, ಪ್ಲಗ್ಗು ಉಕ್ಕು. ಜಗ್ಗಾಟದಲ್ಲಿ ಸೋಲುವುದು ಮೆತ್ತಗಿನ ಅಲ್ಯುಮಿನಿಯಮ್ಮೇ. ಥ್ರೆಡ್ ಹೋದರೆ ಹೆಡ್ಡು ಬಿಚ್ಚಿ ಲೇಥಿನವರ ಹತ್ತಿರ ಬುಷ್ ಹಾಕಿಸಬೇಕು. ಆ ತಿಂಗಳ ಕಂತಿನ ಹಣ ಅಲ್ಲಿಗೇ ಹೋಯಿತು, ಹಾಲು ಹಾಕುವುದೂ ನಿಂತಿತು. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಿರಿ. ಮೊದಲು ಸುತ್ತಲಿನ ಮಣ್ಣು ಬ್ರಷ್ಷಿನಿಂದ ತೆಗೆಯಿರಿ, ಇಲ್ಲದಿದ್ದರೆ ಅದು ಒಳಗೆ ಬೀಳುತ್ತದೆ. ಹಾಕುವಾಗ ಪಾನಾ ಮುಟ್ಟಬ್ಯಾಡ್ರಿ, ಬೆರಳಿನಿಂದಲೇ ಶುರು ಮಾಡಿರಿ. ಮೊದಲು ಎಡಕ್ಕೆ ನಿಧಾನವಾಗಿ ತಿರುಗಿಸಿದರೆ ಒಂದು ಕಡೆ ‘ಟಕ್’ ಅಂತ ಕೆಳಗೆ ಕೂರುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿರಿ. ಬೆರಳಿಗೇ ಬಿರುಸು ಅನಿಸಿದರೆ ಅದು ಅಡ್ಡ ಹತ್ತಿದೆ, ತೆಗೆದು ಮತ್ತೆ ಹಾಕಿರಿ. ಪೂರ್ತಿ ಕುಳಿತ ಮೇಲೆ ಪಾನಾದಿಂದ ಹೊಸ ಪ್ಲಗ್ಗಾದರೆ ಸುಮಾರು ಅರ್ಧ ಸುತ್ತು ಸಾಕು. ಹೊಸ ಪ್ಲಗ್ಗಿನ ವಾಷರ್ ಚಪ್ಪಟೆಯಾಗಲು ಅಷ್ಟು ಬೇಕು. ಹಳೆಯದನ್ನೇ ತಿರುಗಿ ಹಾಕಿದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಸುತ್ತಿನ ಎಂಟನೇ ಒಂದು ಪಾಲು ಸಾಕು.

ಉಳಿದ ಬೋಲ್ಟುಗಳಿಗೆ ಎಷ್ಟು ಜೋರು? ನಂಬರ್ 10 ಪಾನಾ ಹಿಡಿಯುವ ಬೋಲ್ಟಿನ ದಪ್ಪ ಸಾಮಾನ್ಯವಾಗಿ 6 ಮಿ.ಮೀ. ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ, ಅಂದರೆ ಅರ್ಧ ಗೇಣಿನಲ್ಲಿ, ಪಾನಾ ಹಿಡಿದು ಸುಮಾರು 10 ಕೆ.ಜಿ. ಎಳೆತ ಕೊಟ್ಟರೆ ಇದಕ್ಕೆ ಸಾಕು. 10 ಲೀಟರ್ ನೀರಿನ ಕೊಡ ಎತ್ತುವ ನಿಮ್ಮ ಕೈಗೆ ಆ ಅಳತೆ ಗೊತ್ತೇ ಇದೆ. ಪಾನಾಕ್ಕೆ ಪೈಪು ಸಿಕ್ಕಿಸಿ ಉದ್ದ ಎರಡು ಪಟ್ಟು ಮಾಡಿದರೆ ಅದೇ ಎಳೆತಕ್ಕೆ ಬಿಗಿಯೂ ಎರಡು ಪಟ್ಟಾಗುತ್ತದೆ. ಪೈಪು ಹಾಕಿ ಬಿಗಿ ಮಾಡುವುದನ್ನು ದೊಡ್ಡ ಗಂಡಸುತನ ಎಂದುಕೊಂಡವರು ನಮ್ಮ ಊರುಗಳಲ್ಲಿ ಕಡಿಮೆ ಇಲ್ಲ, ಅವರಿಗೆ ಪಾನಾ ಕೊಡಬ್ಯಾಡ್ರಿ! ಥ್ರೆಡ್ಡಿಗೆ ಎಣ್ಣೆ ಹಚ್ಚಿದ್ದರೂ ಜಾರಿಕೆ ಹೆಚ್ಚಾಗಿ, ಅದೇ ಎಳೆತಕ್ಕೆ ಬೇಕಾದ್ದಕ್ಕಿಂತ ಬಿಗಿಯಾಗುತ್ತದೆ. ಕಂಪನಿ ಪುಸ್ತಕದಲ್ಲಿ ಟಾರ್ಕ್ ಅಳತೆ ಕೊಟ್ಟಿದ್ದರೆ ಅದೇ ಪ್ರಮಾಣ.

ಹೆಡ್ಡಿನ ನಾಲ್ಕು ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿ ಮಾಡುವುದು ತಪ್ಪು. ರೊಟ್ಟಿ ಬಡಿಯುವಾಗ ಒಂದೇ ಕಡೆ ಬಡಿಯುತ್ತೇವೇನು? ತಿರುಗಿಸುತ್ತ ಸುತ್ತಲೂ ಸಮ ಮಾಡುತ್ತೇವೆ. ಹಾಗೇ ಒಂದು ನಟ್ಟು, ಆಮೇಲೆ ಅದರ ಎದುರು ಮೂಲೆಯದು, ಹೀಗೆ ಅಡ್ಡಡ್ಡವಾಗಿ ಮೂರು ಸರತಿ ಸ್ವಲ್ಪಸ್ವಲ್ಪ ಬಿಗಿ ಮಾಡಬೇಕು. ಇಲ್ಲದಿದ್ದರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ ಸೋರುತ್ತದೆ, ಎಳೆತ ಕಡಿಮೆಯಾಗುತ್ತದೆ. ಹೆಡ್ಡಿನ ಕೆಲಸವನ್ನು ಮೆಕ್ಯಾನಿಕ್ ಹತ್ತಿರ ಮಾಡಿಸುವುದೇ ವಾಸಿ, ಆದರೆ ಎದುರಿಗೆ ನಿಂತು ನೋಡಿರಿ.

ಜೀವಕ್ಕೆ ಸಂಬಂಧಿಸಿದ್ದು ಚಕ್ರ ಮತ್ತು ಬ್ರೇಕು. ಪಂಕ್ಚರ್ ತೆಗೆಸಿದ ಮೇಲೆ ಅಚ್ಚಿನ ನಟ್ಟು, ಬ್ರೇಕಿನ ರಾಡು ಅಥವಾ ವೈರಿನ ನಟ್ಟು ನೀವೇ ಮುಟ್ಟಿ ನೋಡಬೇಕು. ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬ್ಯಾಡ್ರಿ, ಬಗ್ಗಿಸಿ ಬಗ್ಗಿಸಿ ಅದು ಮುರಿಯುತ್ತದೆ. ಹೊಸದಕ್ಕೆ ಬಹಳ ದುಡ್ಡೇನೂ ಆಗುವುದಿಲ್ಲ. ಒಳಗೆ ನೈಲಾನ್ ಉಂಗುರ ಇರುವ ನಟ್ಟು ಬೆರಳಿನಿಂದಲೇ ಕೊನೆತನಕ ತಿರುಗಿದರೆ ಅದರ ಹಿಡಿತ ಮುಗಿದಿದೆ ಎಂದರ್ಥ, ಬದಲಾಯಿಸಿರಿ. ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ ನೋಡಿರಿ, ಅಂಗಳದಲ್ಲಿ ಗಾಡಿ ತಳ್ಳುತ್ತ ಎರಡೂ ಬ್ರೇಕು ಹಿಡಿದು ನೋಡಿರಿ, ಆಮೇಲೆಯೇ ಕ್ಯಾನು ಕಟ್ಟಿರಿ.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಾಡಿ ಕಿತ್ತುಹೋದ ರಸ್ತೆಗಳಲ್ಲಿ ಗಾಡಿ ಅದುರಿ ಅದುರಿ ನಟ್ಟು ತಾನಾಗಿ ಸಡಿಲಾಗುತ್ತದೆ. ಇದಕ್ಕೆ ಸುಲಭ ಉಪಾಯ ಇದೆ. ಸರಿಯಾಗಿ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪಕ್ಕದ ಲೋಹದ ತನಕ ನೇಲ್ ಪಾಲಿಷ್‌ನಿಂದ ಒಂದೇ ನೇರ ಗೆರೆ ಎಳೆಯಿರಿ. ಮಗಳ ಬಾಟಲಿ ಮನೆಯಲ್ಲಿ ಇದ್ದೇ ಇರುತ್ತದೆ. ಬೆಳಗ್ಗೆ ಹಾಲಿಗೆ ಹೊರಡುವ ಮುಂಚೆ ಒಂದು ಸಲ ನೋಡಿದರೆ ಸಾಕು. ಗೆರೆ ತುಂಡಾಗಿ ಸರಿದಿದ್ದರೆ ನಟ್ಟು ತಿರುಗಿದೆ, ಅವತ್ತು ಪಾನಾ ತೆಗೆಯಿರಿ.