ಅಂಗೈ ಸ್ಪೀಕರಿಗೆ ಮಂದ್ರ ಎಲ್ಲಿಂದ ಬಂತು?

ಜೆಬಿಎಲ್‌ನವರ ‘ಫ್ಲಿಪ್ 6’ ಎಂಬ ಬ್ಲೂಟೂತ್ ಸ್ಪೀಕರಿನ ಉದ್ದ 18 ಸೆಂ.ಮೀ., ತೂಕ 550 ಗ್ರಾಂ. ಅದರ ವಿವರಪಟ್ಟಿಯಲ್ಲಿರುವ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಆಂಪ್ಲಿಫೈಯರಿನ ಶಕ್ತಿ 30 ವಾಟ್. ಒಮ್ಮೆ ಚಾರ್ಜ್ ಮಾಡಿದರೆ 12 ಗಂಟೆ ಹಾಡುತ್ತದೆ. ಬ್ಯಾಟರಿಯಲ್ಲಿ ಹಿಡಿಯುವುದು 17.28 ವಾಟ್-ಅವರ್. ಈ ಬ್ಯಾಟರಿಯಿಂದ 30 ವಾಟ್ ಎಳೆಯುತ್ತ ಹೋದರೆ ಅದು 35 ನಿಮಿಷದಲ್ಲಿ ಬರಿದಾಗುತ್ತದೆ. 12 ಗಂಟೆ ಬಾಳಿಕೆ ಬರಬೇಕೆಂದರೆ ಸರಾಸರಿ ಒಂದೂವರೆ ವಾಟ್ ಕೂಡ ಖರ್ಚಾಗುವಂತಿಲ್ಲ.

ಹಾಗಂತ ಕಂಪನಿ ಸುಳ್ಳು ಹೇಳುತ್ತಿಲ್ಲ. ಸಂಗೀತದಲ್ಲಿ ಸದ್ದು ಒಂದೇ ಸಮನಾಗಿರುವುದಿಲ್ಲ. ತಬಲಾದ ಪೆಟ್ಟು ಬಿದ್ದ ಕ್ಷಣಕ್ಕೆ ಶಕ್ತಿ ನೆಗೆಯುತ್ತದೆ, ಮರುಕ್ಷಣ ಇಳಿಯುತ್ತದೆ. 30 ವಾಟ್ ಎನ್ನುವುದು ಆ ನೆಗೆತಕ್ಕೆ ಕಾದಿಟ್ಟ ಮೀಸಲು. 12 ಗಂಟೆ ಎನ್ನುವುದು ಹದವಾದ ವಾಲ್ಯೂಮಿನಲ್ಲಿ ಹಾಡಿಸಿದಾಗಿನ ಮಾತು. ಹಾಗಾಗಿ ಅಂಗಡಿಯಲ್ಲಿ 20 ವಾಟ್ ದೊಡ್ಡದೋ 30 ವಾಟ್ ದೊಡ್ಡದೋ ಎಂದು ಚೌಕಾಸಿಗೆ ಕೂರುವುದು ವ್ಯರ್ಥ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಹೆಚ್ಚುಕಮ್ಮಿ ಹತ್ತು ಪಟ್ಟು ಶಕ್ತಿ ಬೇಕು.

ಖರ್ಚಾದ ವಿದ್ಯುತ್ತೆಲ್ಲ ಸದ್ದಾಗುತ್ತದೆಯೇ ಎಂದರೆ ಅದೂ ಇಲ್ಲ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ಧ್ವನಿವರ್ಧಕದ ಮೂಲ ರೂಪವನ್ನು ಪ್ರಕಟಿಸಿದರು. ಆಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನ್. ನೂರು ವರ್ಷವಾದರೂ ತತ್ವ ಬದಲಾಗಿಲ್ಲ, ಅದರ ದಕ್ಷತೆಯೂ ದೊಡ್ಡದಾಗಿ ಸುಧಾರಿಸಿಲ್ಲ. ಮನೆಯಲ್ಲಿಡುವ ಒಳ್ಳೆಯ ಸ್ಪೀಕರ್ ಕೂಡ ತನಗೆ ಬಂದ ವಿದ್ಯುತ್ತಿನಲ್ಲಿ ಶೇಕಡಾ ಒಂದು ಪಾಲನ್ನು ಸದ್ದು ಮಾಡಿದರೆ ಹೆಚ್ಚು. ಉಳಿದದ್ದೆಲ್ಲ ಶಾಖ. ಅಂಗೈ ಸ್ಪೀಕರುಗಳ ಪಾಡು ಇನ್ನೂ ಕಷ್ಟ. ಯಾಕೆ ಎಂಬುದರಲ್ಲೇ ಅವುಗಳ ವಿನ್ಯಾಸದ ಗುಟ್ಟೆಲ್ಲ ಅಡಗಿದೆ.

ಸದ್ದು ಮಾಡುವುದೆಂದರೆ ಗಾಳಿಯನ್ನು ತಳ್ಳುವುದು. ತಾರ ಸ್ವರಕ್ಕೆ ಚೂರೇ ತಳ್ಳಿದರೂ ಸಾಕು, ಮಂದ್ರಕ್ಕೆ ಬಹಳ ತಳ್ಳಬೇಕು. ಕಂಪನಾಂಕ ಅರ್ಧಕ್ಕೆ ಇಳಿದಾಗಲೆಲ್ಲ, ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ಓಡಾಡಬೇಕಾಗುತ್ತದೆ. 1000 ಹರ್ಟ್ಸ್‌ನ ಸಿಳ್ಳೆಗೆ ಎಷ್ಟು ಅಲುಗಬೇಕೋ, 63 ಹರ್ಟ್ಸ್‌ನ ಗುಮ್ಮಿಗೆ ಅದರ ಸುಮಾರು 250 ಪಟ್ಟು. ಅದರ ಮೇಲೆ ನಮ್ಮ ಕಿವಿಯದೂ ಪಕ್ಷಪಾತ. 1000 ಹರ್ಟ್ಸ್‌ನ ಸದ್ದು ಎರಡು ಮೂರು ಡೆಸಿಬೆಲ್ ಇದ್ದರೂ ಎಳೆಯ ಕಿವಿಗೆ ಕೇಳಿಸುತ್ತದೆ. 63 ಹರ್ಟ್ಸ್‌ನದು 37ರ ಆಸುಪಾಸಿಗೆ ಏರುವವರೆಗೂ ಇದೆಯೆಂದೇ ಗೊತ್ತಾಗುವುದಿಲ್ಲ. ಈ ವ್ಯತ್ಯಾಸವನ್ನು ಮೊದಲು ವ್ಯವಸ್ಥಿತವಾಗಿ ಅಳೆದು 1933ರಲ್ಲಿ ಪ್ರಕಟಿಸಿದವರು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್.

ಕೋನ್ ಸಣ್ಣದಾದರೇನು, ಹಿಂದೆ ಮುಂದೆ ಹೆಚ್ಚು ಓಡಾಡಲಿ ಅನ್ನಬಹುದು. ಅಡ್ಡ ಬರುವುದು ಡಬ್ಬಿಯೊಳಗಿನ ಗಾಳಿ. ಸೈಕಲ್ ಪಂಪಿನ ಬಾಯಿಗೆ ಬೆರಳೊತ್ತಿ ಹಿಡಿಕೆ ತಳ್ಳಿದರೆ ಅದು ಹಿಂದಕ್ಕೆ ಒದೆಯುವಂತೆ, ಮುಚ್ಚಿದ ಡಬ್ಬಿಯ ಗಾಳಿಯೂ ಕೋನನ್ನು ಒದೆಯುತ್ತದೆ. ಡಬ್ಬಿ ಕಿರಿದಾದಷ್ಟೂ ಒದೆತ ಜೋರು, ಮಂದ್ರ ದುರ್ಬಲ. ಇದನ್ನು ನಿಯಮದ ರೂಪದಲ್ಲಿ ಹೇಳಿದವರು ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜೋಸೆಫ್ ಆಂಟನ್ ಹಾಫ್‌ಮನ್. ಸಣ್ಣ ಡಬ್ಬಿ, ಆಳದ ಮಂದ್ರ, ಉತ್ತಮ ದಕ್ಷತೆ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು. ಎಂಜಿನಿಯರುಗಳು ಇದನ್ನು ‘ಹಾಫ್‌ಮನ್ನನ ಕಬ್ಬಿಣದ ನಿಯಮ’ ಎನ್ನುತ್ತಾರೆ. ಅಂಗೈ ಸ್ಪೀಕರುಗಳು ಕೈಬಿಟ್ಟಿರುವುದು ದಕ್ಷತೆಯನ್ನು. ಅಗ್ಗದ ಚಿಪ್ಪುಗಳೂ ಲಿಥಿಯಂ ಬ್ಯಾಟರಿಯೂ ಬರುವವರೆಗೆ ಹಾಗೆ ಬಿಡುವುದು ಕೈಗೆಟುಕುವ ಮಾತಾಗಿರಲಿಲ್ಲ.

ದೊಡ್ಡ ಪೆಟ್ಟಿಗೆಗಳಲ್ಲಿ ಮಂದ್ರಕ್ಕೆ ಬಲ ಕೊಡಲು ಒಂದು ಕೊಳವೆ ಇಡುತ್ತಾರೆ. ಅರ್ಧ ಲೀಟರಿನ ಡಬ್ಬಿಯಲ್ಲಿ 65 ಹರ್ಟ್ಸ್‌ಗೆ ಹೊಂದುವ ಎರಡು ಸೆಂ.ಮೀ. ಅಗಲದ ಕೊಳವೆ ಬೇಕೆಂದರೆ ಅದರ ಉದ್ದ 40 ಸೆಂ.ಮೀ. ದಾಟುತ್ತದೆ. ಸ್ಪೀಕರ್ ಇರುವುದೇ 18! ಇಲ್ಲಿ ನೆರವಿಗೆ ಬಂದದ್ದು ಹ್ಯಾರಿ ಓಲ್ಸನ್ 1935ರಲ್ಲೇ ಪೇಟೆಂಟ್ ಪಡೆದಿದ್ದ ಹಳೆಯ ಉಪಾಯ. ಕೊಳವೆಯೊಳಗಿನ ಗಾಳಿಯ ಬದಲು ತೂಕದ ಒಂದು ತಟ್ಟೆಯನ್ನು ರಬ್ಬರಿನ ಅಂಚಿನಲ್ಲಿ ತೂಗುಹಾಕುವುದು. ಅದಕ್ಕೆ ತಂತಿಯೂ ಇಲ್ಲ, ಆಯಸ್ಕಾಂತವೂ ಇಲ್ಲ. ಒಳಗಿನ ಕೋನ್ ಅಲುಗಿದಾಗ ಡಬ್ಬಿಯ ಗಾಳಿಯ ಒತ್ತಡಕ್ಕೆ ತಾನೂ ಅನುರಣಿಸುತ್ತದೆ. ಸಿಲಿಂಡರಿನಂಥ ಸ್ಪೀಕರಿನ ಎರಡೂ ತುದಿಯಲ್ಲಿ ಹಾಡಿನ ತಾಳಕ್ಕೆ ಉಸಿರಾಡುತ್ತಿರುವಂತೆ ಕಾಣುವುದು ಇದೇ, ಪ್ಯಾಸಿವ್ ರೇಡಿಯೇಟರ್. ತೂತಿಲ್ಲದ ಕಾರಣ ನೀರೂ ಒಳಹೋಗದು. ಅದನ್ನು ಬೆರಳಿನಿಂದ ಒತ್ತಿ ನೋಡುವ ಚಟ ಬೇಡ, ಅಂಚಿನ ರಬ್ಬರು ಹರಿದರೆ ಮಂದ್ರವೂ ಹೋಯಿತು, ನೀರಿನ ರಕ್ಷಣೆಯೂ ಹೋಯಿತು. ತುದಿ ಕೆಳಗಾಗಿ ಮೆತ್ತನೆಯ ಹಾಸಿಗೆಯ ಮೇಲೆ ನಿಲ್ಲಿಸಿದರೂ ಒಂದು ತಟ್ಟೆಯ ಉಸಿರು ಕಟ್ಟುತ್ತದೆ.

ಇಷ್ಟೆಲ್ಲ ಮಾಡಿದರೂ 60 ಹರ್ಟ್ಸ್‌ನ ಕೆಳಗೆ ಈ ಡಬ್ಬಿಗಳು ಬಹುಪಾಲು ಮೌನಿಗಳೇ. ಆದರೂ ನಮಗೆ ತಂಬೂರಿಯ ಮಂದ್ರ ಅದರಲ್ಲಿ ಕೇಳುತ್ತದಲ್ಲ? ಇಲ್ಲಿಂದ ಮುಂದೆ ಕೆಲಸ ಮಾಡುವುದು ನಮ್ಮ ಮಿದುಳು.

ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಜೊತೆಗೆ 131, 196, 262, 327 ಹೀಗೆ ಅದರ ಗುಣಕಗಳೂ ಮೊಳಗುತ್ತವೆ. ಮೂಲದ 65 ಹರ್ಟ್ಸನ್ನು ಪೂರ್ತಿ ಅಳಿಸಿಹಾಕಿ ಉಳಿದ ಗುಣಕಗಳನ್ನು ಮಾತ್ರ ಕೇಳಿಸಿದರೂ ನಮಗೆ ಅದೇ ಷಡ್ಜ ಕೇಳಿಸುತ್ತದೆ. ಗುಣಕಗಳ ನಡುವಿನ ಅಂತರವನ್ನು ನೋಡಿ ಮಿದುಳು ಮೂಲವನ್ನು ತಾನೇ ಕಟ್ಟಿಕೊಳ್ಳುತ್ತದೆ. 1840ರ ದಶಕದಲ್ಲಿ ಜರ್ಮನಿಯ ಆಗಸ್ಟ್ ಸೀಬೆಕ್ ತೂತುಗಳುಳ್ಳ ಚಕ್ರದ ಸೈರನ್ನಿನಿಂದ ಇದರ ಸುಳಿವು ಹಿಡಿದಾಗ, ವಿದ್ಯುತ್ತಿನ ನಿಯಮಕ್ಕೆ ಹೆಸರಾದ ಓಮ್ ಒಪ್ಪಿರಲಿಲ್ಲ. ನಾವಂತೂ ದಿನವೂ ಇದನ್ನು ಅನುಭವಿಸುತ್ತಿದ್ದೇವೆ. ಹಳೆಯ ದೂರವಾಣಿ ಸಾಗಿಸುತ್ತಿದ್ದುದು 300ರಿಂದ 3400 ಹರ್ಟ್ಸ್ ಮಾತ್ರ. ಗಂಡಸಿನ ದನಿಯ ಮೂಲ ಸ್ವರ ನೂರಿಪ್ಪತ್ತರ ಆಸುಪಾಸಿನದು. ಆದರೂ ಅಪ್ಪನ ದನಿ ಫೋನಿನಲ್ಲಿ ಅಪ್ಪನದೇ ಆಗಿರುತ್ತಿತ್ತು. ಸ್ಪೀಕರ್ ತಯಾರಕರು ಈಗ ಇದನ್ನು ಬೇಕೆಂದೇ ಬಳಸುತ್ತಾರೆ: ಕೋನಿಗೆ ನಿಲುಕದ ಮಂದ್ರವನ್ನು ತೆಗೆದು ಅದರ ಗುಣಕಗಳನ್ನು ಚಿಪ್ಪಿನಲ್ಲೇ ತಯಾರಿಸಿ ಸೇರಿಸುವ ತಂತ್ರಾಂಶಗಳಿವೆ.

ತಂಬೂರಿ ಈ ಮೋಡಿಗೆ ಹೇಳಿ ಮಾಡಿಸಿದ ವಾದ್ಯ. ಅದರ ಕುದುರೆಯ ಅಗಲವಾದ ಬಾಗುಮೇಲ್ಮೈ ಮತ್ತು ಅಲ್ಲಿ ಸಿಕ್ಕಿಸುವ ನೂಲೆಳೆಯಿಂದಾಗಿ ಬೇರೆ ತಂತಿವಾದ್ಯಗಳಲ್ಲಿ ಕೇಳದ ಗುಣಕಗಳೂ ಅದರಲ್ಲಿ ಹೊಮ್ಮುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಮೃದಂಗದ ಬಗ್ಗೆಯೂ ಅವರದೇ ಕೆಲಸ. ಬರಿಯ ಚರ್ಮದ ಹೊದಿಕೆಯ ಕಂಪನಗಳು 1, 1.59, 2.14 ಹೀಗೆ ಅಡ್ಡಾದಿಡ್ಡಿ ಅನುಪಾತದಲ್ಲಿರುತ್ತವೆ. ನಡುವೆ ಕರಿಯ ಕರಣೆ ಹಚ್ಚಿದಾಗ ಅವು ಸರಿಯಾದ ಗುಣಕಗಳಾಗಿ ಸಾಲುಗೂಡುತ್ತವೆ. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಚುಟುಕಾಗಿ ಹೇಳಿದ್ದ ಈ ಸಂಗತಿಯನ್ನು ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1934ರಲ್ಲಿ, ವಿಸ್ತಾರವಾಗಿ ಪ್ರಕಟಿಸಿದರು.

ಸ್ಪೀಕರಿಗೂ ಇದಕ್ಕೂ ಏನು ನಂಟು? ಡೊಳ್ಳಿಗೆ ಕರಣೆಯಿಲ್ಲ. ಅದರ ಗುಮ್ಮು ಬರಿಯ ಚರ್ಮದ್ದು, ಗುಣಕಗಳ ಸಾಲು ಅದಕ್ಕಿಲ್ಲ. ಮೂಲವನ್ನು ಕಳಚಿಬಿಟ್ಟರೆ ಮಿದುಳು ಊಹಿಸಿಕೊಳ್ಳಲು ಏನೂ ಉಳಿಯದು. ಹಾಗಾಗಿ ಅಂಗೈ ಸ್ಪೀಕರಿನಲ್ಲಿ ತಂಬೂರಿ ತಂಬೂರಿಯಾಗಿಯೇ ಕೇಳಿದರೆ, ಡೊಳ್ಳು ರಟ್ಟಿನ ಪೆಟ್ಟಿಗೆ ಬಡಿದಂತೆ ಕೇಳುತ್ತದೆ. ಎದೆಗೆ ತಟ್ಟುವ ಆ ಒತ್ತಡವನ್ನಂತೂ ಯಾವ ಮಿದುಳೂ ಕಲ್ಪಿಸಿ ಕೊಡಲಾರದು, ಅದಕ್ಕೆ ನಿಜವಾಗಿಯೂ ಗಾಳಿ ಅಲುಗಬೇಕು. ಸ್ಪೀಕರ್ ಪರೀಕ್ಷೆಗೆ ಒಂದೇ ಹಾಡು ಸಾಲದು ಎನ್ನುವುದು ಇದಕ್ಕೇ.

ಅಂಗಡಿಯಲ್ಲಿ ಇನ್ನೊಂದು ಮೋಸವಿದೆ, ಅದನ್ನು ಮಾಡುವುದು ಅಂಗಡಿಯವನಲ್ಲ, ಒಳಗಿನ ಚಿಪ್ಪು. ಕಡಿಮೆ ವಾಲ್ಯೂಮಿನಲ್ಲಿ ಕಿವಿಗೆ ಮಂದ್ರ ಸಾಲದೆಂದು ಅದು ಮಂದ್ರವನ್ನು ಎತ್ತಿ ಕೊಡುತ್ತದೆ. ವಾಲ್ಯೂಮ್ ಏರಿಸಿದಂತೆ ಕೋನ್ ಹರಿದೀತೆಂದು ಸದ್ದಿಲ್ಲದೆ ಇಳಿಸುತ್ತ ಹೋಗುತ್ತದೆ. ಮೆಲ್ಲಗೆ ಕೇಳಿದಾಗ ತುಂಬುದನಿಯ ಸ್ಪೀಕರ್, ಮನೆಯ ಅಂಗಳದಲ್ಲಿ ಜೋರು ಮಾಡಿದಾಗ ಸಣಕಲಾಗುವುದು ಹೀಗೆ. ಆದ್ದರಿಂದ ಒಂದೇ ಹಾಡನ್ನು ಕಾಲು, ಅರ್ಧ, ಪೂರ್ಣ ವಾಲ್ಯೂಮಿನಲ್ಲಿ ಕೇಳಿ. ಮಂದ್ರ ಎಲ್ಲಿ ಕಾಣೆಯಾಯಿತು, ಹಾಡುವವರ ‘ಸ’ಕಾರ ಎಲ್ಲಿ ಕಿವಿ ಚುಚ್ಚತೊಡಗಿತು ಗಮನಿಸಿ. ಯಕ್ಷಗಾನದ ಚೆಂಡೆ ಇಲ್ಲಿ ನಿರ್ದಯ ಪರೀಕ್ಷಕ. ಅದರ ಪ್ರತಿ ಪೆಟ್ಟೂ ಸರಾಸರಿ ಸದ್ದಿಗಿಂತ ಬಹಳ ಮೇಲಕ್ಕೆ ಚಿಮ್ಮುತ್ತದೆ. ಚಿಪ್ಪು ಅದನ್ನು ಅದುಮಿದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ, ಮಾತ್ರವಲ್ಲ, ಪೆಟ್ಟು ಬಿದ್ದಾಗಲೆಲ್ಲ ಭಾಗವತರ ದನಿಯೂ ಕುಗ್ಗಿ ಏಳುತ್ತದೆ.

ಎರಡು ಸ್ಪೀಕರುಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಬೇಕು. ತುಸು ಜೋರಾಗಿರುವುದೇ ‘ಚೆನ್ನಾಗಿದೆ’ ಅನ್ನಿಸುವುದು ಕಿವಿಯ ಸಹಜ ದೌರ್ಬಲ್ಯ. ಕಣ್ಣಿನ ದೌರ್ಬಲ್ಯವಂತೂ ಇನ್ನೂ ದೊಡ್ಡದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಸ್ಪೀಕರುಗಳನ್ನು ಅಳೆದ ಫ್ಲಾಯ್ಡ್ ಟೂಲ್, ಬಳಿಕ ಹಾರ್ಮನ್ ಕಂಪನಿ ಸೇರಿ, ಸಹೋದ್ಯೋಗಿ ಶಾನ್ ಆಲಿವ್ ಜೊತೆ 1994ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 40 ಮಂದಿ ಕೇಳುಗರು ನಾಲ್ಕು ಸ್ಪೀಕರುಗಳಿಗೆ ಅಂಕ ಕೊಟ್ಟರು, ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರೇ. ಕಣ್ಣೆದುರು ಇದ್ದಾಗ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು, ಸಣ್ಣದರದು ಇಳಿಯಿತು. ಕೇಳುಗರೆಲ್ಲ ಅದೇ ಸ್ಪೀಕರ್ ಕಂಪನಿಯ ನೌಕರರು! ಪರದೆಯ ಹಿಂದೆ ಜನ ಮೆಚ್ಚುವುದು ಏನನ್ನು ಎಂಬುದಕ್ಕೂ ಟೂಲ್ ಉತ್ತರ ಕಂಡುಕೊಂಡರು. ಯಾವ ಸ್ವರವನ್ನೂ ಉಬ್ಬಿಸದೆ ತಗ್ಗಿಸದೆ ಸಮವಾಗಿ ಕೊಡುವ, ಪಕ್ಕದಲ್ಲಿ ಕೂತವನಿಗೂ ಹೆಚ್ಚುಕಮ್ಮಿ ಅದನ್ನೇ ಕೇಳಿಸುವ ಸ್ಪೀಕರನ್ನು. ಮನೆಯಲ್ಲಿ ಪರದೆ ಕಟ್ಟಬೇಕಿಲ್ಲ, ಮಗನ ಕೈಗೆ ಫೋನ್ ಕೊಟ್ಟು ಬೆನ್ನು ತಿರುಗಿಸಿ ಕೂತರೆ ಸಾಕು.

ಬ್ಲೂಟೂತಿನ ಬಗ್ಗೆ ಇರುವ ಆತಂಕ ಅತಿಯಾಯಿತೆಂದೇ ನನ್ನ ಅನಿಸಿಕೆ. ಎಲ್ಲ ಬ್ಲೂಟೂತ್ ಸ್ಪೀಕರುಗಳಿಗೂ ಕಡ್ಡಾಯವಾದ ಎಸ್‌ಬಿಸಿ ವಿಧಾನ ಸಂಗೀತವನ್ನು ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ಗೆ ಅಡಕಗೊಳಿಸುತ್ತದೆ, ಸೋನಿಯ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಈ ವ್ಯತ್ಯಾಸ ಕೇಳಬಹುದೇನೋ, 8 ಸೆಂ.ಮೀ. ಕೋನಿನಲ್ಲಿ ಅದಕ್ಕಾಗಿ ಹೆಚ್ಚು ಹಣ ಕೊಡುವುದು ದಂಡ. ನಿಜವಾದ ತೊಡಕು ವಿಳಂಬ. ಸದ್ದು ಫೋನಿನಿಂದ ಸ್ಪೀಕರಿಗೆ ಬರುವಷ್ಟರಲ್ಲಿ ಒಂದೆರಡು ನೂರು ಮಿಲಿಸೆಕೆಂಡು ಕಳೆದಿರುತ್ತದೆ. ಸಿನಿಮಾ ನೋಡುವಾಗ ಆ್ಯಪ್‌ಗಳು ಚಿತ್ರವನ್ನೂ ತಡಮಾಡಿ ಸರಿದೂಗಿಸುತ್ತವೆ, ಫೋನಿನ ಕೀಬೋರ್ಡ್ ನುಡಿಸಿ ಅಭ್ಯಾಸ ಮಾಡುವವರಿಗೆ ಆ ಸೌಲಭ್ಯವಿಲ್ಲ.

ಡಬ್ಬಿಯ ಮೇಲಿನ ‘ಐಪಿ67’ ಗುರುತಿಗೆ ಅರ್ಥ ನಿರ್ದಿಷ್ಟ. 6 ಅಂದರೆ ಧೂಳು ಒಳನುಸುಳದು, 7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಮಲ್ಪೆಗೋ ಗೋಕರ್ಣಕ್ಕೋ ಒಯ್ದರೆ ಮರಳಿ ಬಂದೊಡನೆ ನಲ್ಲಿ ನೀರಿನಲ್ಲಿ ತೊಳೆದು, ಚಾರ್ಜಿಂಗ್ ಕಿಂಡಿ ಪೂರ್ತಿ ಒಣಗುವವರೆಗೆ ತಂತಿ ಚುಚ್ಚದಿರುವುದು ಕ್ಷೇಮ. ವಿನ್ಯಾಸದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಬೇರೆಯದು, ಅಂಟು ಹಾಕಿ ಮುಚ್ಚಿದ ಬ್ಯಾಟರಿ. ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಲಿಥಿಯಂ ಕೋಶ ಸೊರಗುತ್ತದೆ. ಕೋನ್ ಇನ್ನೂ ಹತ್ತು ವರ್ಷ ಬಾಳುವಂತಿದ್ದರೂ ಸ್ಪೀಕರ್ ಕಸದ ಬುಟ್ಟಿ ಸೇರುತ್ತದೆ. ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮ 2027ರ ಫೆಬ್ರವರಿಯಿಂದ ಅನ್ವಯವಾಗುತ್ತದೆ.

ಇರುವ ಸ್ಪೀಕರಿನಿಂದಲೇ ಹೆಚ್ಚು ಮಂದ್ರ ಬೇಕೆಂದರೆ ಖರ್ಚಿಲ್ಲದ ಉಪಾಯವಿದೆ. ಮೇಜಿನ ನಡುವೆ ಇಡುವ ಬದಲು ಗೋಡೆಗೆ ಹತ್ತಿರ, ಸಾಧ್ಯವಾದರೆ ಮೂಲೆಗೆ ಇಡಿ. 100 ಹರ್ಟ್ಸ್‌ನ ಅಲೆಯ ಉದ್ದ ಮೂರೂವರೆ ಮೀಟರಿನ ಹತ್ತಿರ. ಅಂಗೈ ದೂರದ ಗೋಡೆಯಿಂದ ಮರಳುವ ಅಲೆ ಮೂಲದ ಜೊತೆಗೇ ಸೇರಿಕೊಂಡು ಅದನ್ನು ಬಲಪಡಿಸುತ್ತದೆ. ಬಯಲಿನಲ್ಲಿ ಈ ನೆರವಿಲ್ಲ, ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಸೋರಿಹೋಗುತ್ತದೆ.

ರೇಡಿಯೊ ವಾರ್ತೆ, ಭಾವಗೀತೆ, ವೀಣೆ, ಕೊಳಲು, ಒಂದು ಕೋಣೆಯಲ್ಲಿ ಇಬ್ಬರು ಮೂವರು ಕೇಳುವ ಕಛೇರಿ ಇಷ್ಟೇ ನಿಮ್ಮ ಬೇಡಿಕೆಯಾದರೆ ಅರ್ಧ ಕಿಲೋದ ಸ್ಪೀಕರ್ ಧಾರಾಳ ಸಾಕು. ಮದುವೆ ಮನೆಯ ಅಂಗಳಕ್ಕೆ, ಡೊಳ್ಳು, ತಮಟೆ, ಸಿನಿಮಾ ಹಾಡಿನ ಅಬ್ಬರಕ್ಕೆ ಬೇಕಿದ್ದರೆ ವಾಟ್ ನೋಡಬೇಡಿ, ಪೆಟ್ಟಿಗೆಯ ಗಾತ್ರ ನೋಡಿ. ನೂರಾರು ಸಲ ಕೇಳಿ ಬಾಯಿಪಾಠವಾದ ಎರಡು ಹಾಡುಗಳನ್ನು ಫೋನಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಅಂಗಡಿಯವರು ಹಾಕುವ ಹಾಡು ಬೇಡವೆನ್ನಿ.