ತೇಲಿದರಷ್ಟೇ ‘ಪಿಪ್ಪಾ’

2023ರ ನವೆಂಬರಿನಲ್ಲಿ ಒಟಿಟಿಯಲ್ಲಿ ಬಂದ ಹಿಂದಿ ಚಿತ್ರ ‘ಪಿಪ್ಪಾ’ದ ಜೀವಾಳ ಒಂದು ಟ್ಯಾಂಕ್. ರಷ್ಯ ಮೂಲದ ಈ ಪಿಟಿ-76 ನೆಲದ ಮೇಲೆ ಓಡುತ್ತದೆ, ನೀರಿನಲ್ಲಿ ಈಜುತ್ತದೆ. ತುಪ್ಪದ ಖಾಲಿ ಡಬ್ಬಿಯಂತೆ ತೇಲುವುದರಿಂದ ಪಂಜಾಬಿ ಸೈನಿಕರು ಅದನ್ನು ಪಿಪ್ಪಾ ಎಂದು ಕರೆದರು. 1971ರ ನವೆಂಬರ್ 21ರಂದು, ಈಗಿನ ಬಾಂಗ್ಲಾದೇಶದ ಗರೀಬ್‌ಪುರದಲ್ಲಿ ಭಾರತದ 45 ಕ್ಯಾವಲ್ರಿಯ ಪಿಪ್ಪಾಗಳು ಪಾಕಿಸ್ತಾನದ ಚಾಫೀ ಟ್ಯಾಂಕುಗಳನ್ನು ಸೋಲಿಸಿದವು.

ರಿಮೋಟಿನಿಂದ ಓಡುವ ಮಾದರಿ ಟ್ಯಾಂಕನ್ನು ಇಂಥ ಸಿನಿಮಾದ ಟ್ಯಾಂಕಿನಂತೆ ಮಾರ್ಪಡಿಸುವುದು ಜಗತ್ತಿನ ಹಲವೆಡೆ ಬೆಳೆದಿರುವ ಹವ್ಯಾಸ. ‘ಫ್ಯೂರಿ’ (2014) ಚಿತ್ರದ ಶರ್ಮನ್ ಟ್ಯಾಂಕನ್ನು ಹೀಗೆ ಕಟ್ಟಿದವರು ಬಹಳ. ಪಿಪ್ಪಾ ಕಟ್ಟಬಯಸುವವರು 1:16 ಅಳತೆಯ ಟಿ-34 ಟ್ಯಾಂಕಿನ ಮಾದರಿಯಿಂದ ಶುರುಮಾಡಬಹುದು. ಎರಡಕ್ಕೂ ಚಾಲನೆ ಹಿಂದಿನ ಗಾಲಿಯಿಂದಲೇ. ಹಾಗಾಗಿ ಮೋಟರು, ಗೇರ್‌ಬಾಕ್ಸುಗಳು ಬಳಕೆಗೆ ಬರುತ್ತವೆ. ಆದರೆ ಟಿ-34ಕ್ಕೆ ಒಂದು ಬದಿಗೆ ಐದು ಗಾಲಿ, ಪಿಪ್ಪಾಗೆ ಆರು. ಈ ಅಳತೆಯಲ್ಲಿ ಟಿ-34ರ ಗಾಲಿಗಳನ್ನು ಸುತ್ತುವ ಪಟ್ಟಿ 31 ಮಿ.ಮೀ. ಅಗಲ ಬಂದರೆ ಪಿಪ್ಪಾಗೆ 22 ಸಾಕು. ಹೀಗಾಗಿ ಸುಮಾರು 43 ಸೆಂ.ಮೀ. ಉದ್ದದ ಒಡಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದಾಗಿ ಕತ್ತರಿಸಿ ಅಂಟಿಸಬೇಕು.

ಬಣ್ಣ, ಕೆಸರು, ತುಕ್ಕಿನ ಕಲೆಗಳನ್ನು ಚಿತ್ರದ ದೃಶ್ಯಗಳನ್ನು ನಿಲ್ಲಿಸಿ ನೋಡುತ್ತ ಬಳಿಯಬಹುದು. ಕಷ್ಟವಿರುವುದು ತೂಕದಲ್ಲಿ. ಉದ್ದ 16 ಪಾಲು ಕುಗ್ಗಿದರೆ ತೂಕ 4,096 ಪಾಲು ಕುಗ್ಗಬೇಕು. ಅಸಲಿ ಪಿಪ್ಪಾ 14 ಟನ್ನಿಗೆ ತುಸು ಹೆಚ್ಚು. ಮಾದರಿ ಮೂರೂವರೆ ಕಿಲೋ ಆಸುಪಾಸಿನಲ್ಲಿ ನಿಂತರೆ ಮಾತ್ರ ಅಸಲಿಯಷ್ಟೇ ಮುಳುಗಿ ತೇಲುತ್ತದೆ. ಲೋಹದ ಪಟ್ಟಿ ಹಾಕಿ, ದೊಡ್ಡ ಬ್ಯಾಟರಿ ತುಂಬಿದರೆ ಅದು ತಳ ಸೇರುವುದೇ ಸೈ. ನೀರಿಗಿಳಿಯುವ ಮುನ್ನ ಮುಂದಿನ ಅಲೆತಡೆ ಹಲಗೆ ಏಳಬೇಕು. ಹಿಂದಿನ ಎರಡು ಕಿಂಡಿಗಳಿಂದ ಪಂಪುಗಳು ನೀರು ಚಿಮ್ಮಿಸಬೇಕು. ಒಂದು ಪಂಪು ನಿಂತರೆ ಟ್ಯಾಂಕು ಆ ಕಡೆಗೆ ತಿರುಗುತ್ತದೆ. ಅಸಲಿ ಪಿಪ್ಪಾ ನೀರಿನಲ್ಲಿ ಗಂಟೆಗೆ 10 ಕಿ.ಮೀ. ಸಾಗುತ್ತದೆ, ಮಾದರಿಯನ್ನು ನಿಧಾನವಾಗಿ ಬಿಟ್ಟರಷ್ಟೇ ಭಾರದ ಯಂತ್ರವೆಂಬ ಭಾವ ಹುಟ್ಟುತ್ತದೆ.

ಅಳತೆ ಕೆಡದಂತೆ ದೊಡ್ಡದನ್ನು ಕಿರಿದಾಗಿಸುವ ಕಲೆ ನಮ್ಮ ಶಿವಮೊಗ್ಗ ಸೀಮೆಗೆ ಹೊಸದಲ್ಲ. ಸೊರಬ, ಸಾಗರದ ಗುಡಿಗಾರರು ಗಂಧದ ತುಂಡಿನಲ್ಲಿ ಅದನ್ನೇ ಮಾಡುತ್ತ ಬಂದಿದ್ದಾರೆ. ತೇಲಿಸಿ ನೋಡಲು ಕೆರೆಗಳಿಗೂ ಇಲ್ಲಿ ಬರವಿಲ್ಲ. 1942ರಲ್ಲೇ ಸ್ವತಂತ್ರವೆಂದು ಸಾರಿಕೊಂಡ ಈಸೂರಿನ ಶಾಲೆಯಾಗಲಿ, ಶಿಕಾರಿಪುರದ ಕಾಲೇಜಾಗಲಿ, ವಿಜ್ಞಾನದ ಮೇಷ್ಟರೊಬ್ಬರು ಮನಸ್ಸು ಮಾಡಿದರೆ ಆರ್ಕಿಮಿಡೀಸನ ತತ್ವವೂ ಗರೀಬ್‌ಪುರದ ಚರಿತ್ರೆಯೂ ಮಕ್ಕಳಿಗೆ ಒಟ್ಟಿಗೇ ದಕ್ಕುತ್ತವೆ. ದಯವಿಟ್ಟು ಒಮ್ಮೆ ಕೈಹಾಕಿ ನೋಡಿ.