ಸರಕಾರದ ಬೊಕ್ಕಸ, ಬಡವರ ಹಕ್ಕು

ರಾಜ್ಯದ ಮುಂಗಡಪತ್ರ ಮಂಡನೆಯಾದ ಮರುದಿನ ನಾವೆಲ್ಲರೂ ಪತ್ರಿಕೆಯಲ್ಲಿ ಎರಡೇ ಸಂಗತಿಗಳನ್ನು ಹುಡುಕುತ್ತೇವೆ: ಯಾವುದರ ಬೆಲೆ ಏರಿತು, ನಮ್ಮ ಸಮುದಾಯಕ್ಕೆ ಎಷ್ಟು ಕೋಟಿ ಬಂತು. ಅಲ್ಲಿಗೆ ನಮ್ಮ ಕುತೂಹಲ ತಣಿಯುತ್ತದೆ. ಆದರೆ ಸದನದಲ್ಲಿ ಓದಿದ ಆ ದೀರ್ಘ ಭಾಷಣದಿಂದ ಬೊಕ್ಕಸದ ಒಂದು ರೂಪಾಯಿಯೂ ಅಲುಗುವುದಿಲ್ಲ. ಬೊಕ್ಕಸದ ಕೀಲಿಕೈ ಇರುವುದು ಕಾನೂನಿನಲ್ಲಿ. ಮನೆಯ ಪಡಿತರ ಅಕ್ಕಿ, ಅಜ್ಜಿಯ ಮಾಸಾಶನ, ಮಗುವಿನ ಆದಾಯ ಪ್ರಮಾಣಪತ್ರ ಇವೆಲ್ಲ ಕಾನೂನಿನೊಂದಿಗೆ ಹೇಗೆ ಬೆಸೆದುಕೊಂಡಿವೆ ಎಂಬುದನ್ನು ಅರಿಯುವುದು ಕ್ರೈಸ್ತ ಕುಟುಂಬಗಳ ಕರ್ತವ್ಯವೂ ಹೌದು.

ಕಾನೂನಿನ ಆಧಾರವಿಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ ಎಂದು ನಮ್ಮ ಸಂವಿಧಾನದ 266ನೇ ವಿಧಿ ವಿಧಿಸುತ್ತದೆ. ಸರಕಾರ ಆಯವ್ಯಯದ ವಿವರವನ್ನು ಸದನದ ಮುಂದಿಡಬೇಕು. ಇಲಾಖೆಗಳ ಬೇಡಿಕೆಗಳಿಗೆ ವಿಧಾನಸಭೆ ಮತ ನೀಡಬೇಕು. ಆ ಬಳಿಕ ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು. ವಿಧಾನ ಪರಿಷತ್ತು ಅದನ್ನು 14 ದಿನಗಳೊಳಗೆ ಮರಳಿಸಬೇಕೇ ಹೊರತು ತಡೆಯಲಾರದು. 2025-26ನೇ ಸಾಲಿನ 4,09,549 ಕೋಟಿ ರೂಪಾಯಿಗಳ ಮುಂಗಡಪತ್ರವೂ ಇದೇ ಹಾದಿಯಲ್ಲಿ ಸಾಗಿ ಬಂತು.

ಕಾನೂನೆಂದರೆ ವಿವೇಕದಿಂದ ಹುಟ್ಟಿ, ಸರ್ವರ ಹಿತವನ್ನು ಗುರಿಯಾಗಿಟ್ಟು, ಸಮುದಾಯದ ಹೊಣೆ ಹೊತ್ತವರಿಂದ ರಚಿತವಾಗಿ, ಎಲ್ಲರಿಗೂ ಪ್ರಕಟವಾಗುವ ವಿಧಿ ಎಂದು ಅಕ್ವೀನಾದ ಸಂತ ತೋಮಾಸರು ಬೋಧಿಸಿದರು. ಈ ನಾಲ್ಕರಲ್ಲಿ ಕೊನೆಯದು ನಮಗಿಂದು ಬಹಳ ಮುಖ್ಯ. ಪುಸ್ತಕದಲ್ಲಿ ಅಚ್ಚಾಗಿಯೂ ಬಡವನ ಕಿವಿಗೆ ಬೀಳದ ಕಾನೂನು ಅವನ ಪಾಲಿಗೆ ಇದ್ದೂ ಇಲ್ಲದಂತೆ.

ಆದೇಶ ಬೇರೆ, ಕಾಯಿದೆ ಬೇರೆ

ಸರಕಾರದ ಸೌಲಭ್ಯಗಳೆಲ್ಲ ಒಂದೇ ತಳಹದಿಯ ಮೇಲೆ ನಿಂತಿಲ್ಲ. ಕೆಲವು ಸರಕಾರಿ ಆದೇಶದಿಂದ ಹುಟ್ಟುತ್ತವೆ, ಕೆಲವು ಕಾಯಿದೆಯಿಂದ. ಅನ್ನಭಾಗ್ಯದ ಅಕ್ಕಿಯನ್ನೇ ನೋಡೋಣ. ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲುವುದು ಸಂಸತ್ತು 2013ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಿಂದ. ಅದರ ಮೇಲಿನ 5 ಕಿಲೋ 2023ರಲ್ಲಿ ರಾಜ್ಯವು ಘೋಷಿಸಿದ ಐದು ಗ್ಯಾರಂಟಿಗಳ ಫಲ. ಆ ವರ್ಷ ಸಾಕಷ್ಟು ಅಕ್ಕಿ ದೊರೆಯದೆ, ಹೆಚ್ಚುವರಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ನೀಡಲಾಯಿತು. 2025ರಲ್ಲಿ ಮತ್ತೆ ಅಕ್ಕಿ ಬಂತು. ಕಾಯಿದೆಯ 5 ಕಿಲೋ ಮಾತ್ರ ಅಷ್ಟೂ ಕಾಲ ಕದಲಲಿಲ್ಲ.

ಯಾವ ಪಕ್ಷವನ್ನೂ ಹೊಗಳಲು ಅಥವಾ ತೆಗಳಲು ನಾವಿದನ್ನು ಹೇಳುತ್ತಿಲ್ಲ. ಗ್ಯಾರಂಟಿಗಳಿಗೆ 2025-26ರಲ್ಲಿ 51,034 ಕೋಟಿ ರೂಪಾಯಿಗಳನ್ನು ಮೀಸಲಿಡಲಾಯಿತು. ಅದರಿಂದ ಅನೇಕ ಮನೆಗಳ ಒಲೆ ಉರಿದಿದೆ. ಆದರೆ ಆದೇಶದಿಂದ ಬಂದುದನ್ನು ಇನ್ನೊಂದು ಆದೇಶ ಹಿಂದಕ್ಕೆ ಪಡೆಯಬಲ್ಲದು. ಕಾಯಿದೆಯಿಂದ ಬಂದುದನ್ನು ಕಸಿಯಬೇಕಾದರೆ ಸದನದಲ್ಲಿ ಎದ್ದು ನಿಂತು ಕಾರಣ ಹೇಳಬೇಕಾಗುತ್ತದೆ.

ಸರಕಾರವೂ ತನಗೆ ತಾನೇ ಕಡಿವಾಣ ಹಾಕಿಕೊಳ್ಳುವುದುಂಟು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುವ ಸಾಮತಿಯನ್ನು ಸಂತ ಲೂಕನ ಶುಭಸಂದೇಶದಲ್ಲಿ ಓದಿದ್ದೇವೆ. ಕರ್ನಾಟಕವು 2002ರಲ್ಲಿ ದೇಶದಲ್ಲೇ ಮೊದಲಿಗೆ ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು ರಚಿಸಿ, ವಿತ್ತೀಯ ಕೊರತೆಯು ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 3ನ್ನು ಮೀರಬಾರದೆಂದು ಗೆರೆ ಎಳೆಯಿತು. 2020ರ ಕೋವಿಡ್ ಸಂಕಟದಲ್ಲಿ ಆ ಗೆರೆಯನ್ನು ಸಡಿಲಿಸಲು ಮತ್ತೆ ತಿದ್ದುಪಡಿಯೇ ಬೇಕಾಯಿತು. ಇಂದಿನ ಸಾಲವನ್ನು ನಾಳೆ ತೀರಿಸಬೇಕಾದವರು ನಮ್ಮ ಮಕ್ಕಳೇ ಅಲ್ಲವೇ?

ವಿಧವೆಯ ಕೈಗೊಂದು ಚೀಟಿ

ನ್ಯಾಯಾಧೀಶನ ಬಾಗಿಲನ್ನು ಬಿಡದೆ ತಟ್ಟಿದ ವಿಧವೆಯ ಸಾಮತಿಯೂ ಅದೇ ಶುಭಸಂದೇಶದಲ್ಲಿದೆ. ಆಕೆಯ ಬಳಿ ಹಟವೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ನಮ್ಮ ರಾಜ್ಯದ ವಿಧವೆಯ ಕೈಗೆ ಕಾನೂನು ಇನ್ನೊಂದನ್ನೂ ಇತ್ತಿದೆ. 2011ರಲ್ಲಿ ರಚಿತವಾಗಿ 2012ರಲ್ಲಿ ಜಾರಿಗೆ ಬಂದ, ‘ಸಕಾಲ’ ಎಂದೇ ಹೆಸರಾದ ಕಾಯಿದೆಯ ಪ್ರಕಾರ, ಅಧಿಸೂಚಿತ ಸೇವೆಗಳಲ್ಲಿ ಪ್ರತಿಯೊಂದಕ್ಕೂ ದಿನಗಳ ಗಡುವು ಉಂಟು. ಅರ್ಜಿ ಕೊಟ್ಟವರಿಗೆ ಸಂಖ್ಯೆ ನಮೂದಿಸಿದ ಸ್ವೀಕೃತಿ ಚೀಟಿ ಕೊಡಲೇಬೇಕು. ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ, ಅಲ್ಲಿಯೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ದೂರು ಒಯ್ಯಬಹುದು. ತಡವಾದುದಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವುಂಟು. ಅದನ್ನು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದಲೇ ವಸೂಲು ಮಾಡಬಹುದು.

ಮೊತ್ತ ಅಲ್ಪವೆಂದು ನಗಬೇಡಿ. ‘ನಾಳೆ ಬನ್ನಿ’ ಎಂಬ ಮಾತಿಗೆ ಕಾನೂನು ಬೆಲೆ ಕಟ್ಟಿತು ಎಂಬುದೇ ದೊಡ್ಡದು. ಆದರೆ ಚೀಟಿ ಕೇಳಿ ಪಡೆಯದೆ ಅರ್ಜಿ ಕೊಟ್ಟು ಬಂದವರಿಗೆ ಈ ಬಲ ದಕ್ಕುವುದಿಲ್ಲ.

ಒಂದು ಉಪಕಲಮಿನ ಬೆಲೆ

ಕಾನೂನು ಕೊಡುವಂತೆಯೇ ತಡೆಯಲೂ ಬಲ್ಲದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ಅನುಗುಣವಾಗಿ ಅಭಿವೃದ್ಧಿಯ ಹಣವನ್ನು ಮೀಸಲಿಡುವ ಉಪಯೋಜನೆ ಕಾಯಿದೆ 2013ರಲ್ಲಿ ಬಂತು. ಅದರ 7(ಡಿ) ಎಂಬ ಉಪಕಲಮು ಸಾಮಾನ್ಯ ಕಾಮಗಾರಿಗಳ ವೆಚ್ಚವನ್ನೂ ಆ ಲೆಕ್ಕಕ್ಕೆ ಸೇರಿಸಲು ದಾರಿ ಬಿಟ್ಟಿತ್ತು. 2023ರಲ್ಲಿ ಅದನ್ನು ತೆಗೆದುಹಾಕಲಾಯಿತು. ಇನ್ನು ನಮ್ಮ ದಲಿತ ಕ್ರೈಸ್ತ ಬಂಧುಗಳ ಪಾಡೇನು? 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತರಾದವರು ಪಟ್ಟಿಯ ಹೊರಗೇ ಉಳಿದರು. ಅವಮಾನ ಅವರನ್ನು ಹಿಂಬಾಲಿಸಿತು, ಹಣ ಹಿಂಬಾಲಿಸಲಿಲ್ಲ.

ನಾವು ಮಾಡಬಹುದಾದುದು

ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ನೀಡಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ ಶ್ರೀಸಾಮಾನ್ಯ ವಿಶ್ವಾಸಿಗಳ ಸೇವೆಯನ್ನು ಕುರಿತು 1965ರಲ್ಲಿ ಎಚ್ಚರಿಸಿತು. ವೃದ್ಧೆಯೊಬ್ಬರಿಗೆ ಹಬ್ಬದ ದಿನ ಅಕ್ಕಿಚೀಲ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಮಾಸಾಶನಕ್ಕಾಗಿ ಅವರ ಅರ್ಜಿ ತುಂಬಿ, ನಾಡಕಚೇರಿಗೆ ಜತೆಗೂಡಿ ಹೋಗಿ, ಚೀಟಿ ಪಡೆದು, ಗಡುವಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಕಷ್ಟ. ಆದರೆ ವೃದ್ಧೆಗೆ ತಿಂಗಳು ತಿಂಗಳೂ ಅನ್ನವಾಗುವುದು ಈ ಎರಡನೆಯದೇ. ಧರ್ಮಕೇಂದ್ರದ ಪ್ರತಿ ವಾರ್ಡಿನಲ್ಲಿ ಕಾಲೇಜು ಓದಿದ ಇಬ್ಬರು ಯುವಜನರು ತಿಂಗಳಿಗೊಂದು ಭಾನುವಾರ ಬಲಿಪೂಜೆಯ ಬಳಿಕ ಈ ಸೇವೆಗೆ ಕುಳಿತರೆ ಸಾಕು.

ಕೆಳಗಿನ ಸಮುದಾಯ ಮಾಡಬಲ್ಲುದನ್ನು ಮೇಲಿನದು ಕಸಿಯಬಾರದೆಂದು ಜಗದ್ಗುರು ಹನ್ನೊಂದನೇ ಪಿಯುಸರು 1931ರಲ್ಲಿ ಬೋಧಿಸಿದರು. ನಮ್ಮ 1993ರ ಪಂಚಾಯತ್ ಕಾಯಿದೆಯ ಗ್ರಾಮಸಭೆ ಅಂಥದೊಂದು ವೇದಿಕೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಆ ಸಭೆಯಲ್ಲಿ ಕ್ರೈಸ್ತರ ಕುರ್ಚಿಗಳು ಖಾಲಿಯಿದ್ದರೆ, ಮುಂಗಡಪತ್ರದಲ್ಲಿ ನಮ್ಮ ಪಾಲೆಲ್ಲಿ ಎಂದು ಕೇಳುವ ನೈತಿಕ ಹಕ್ಕನ್ನು ನಾವೇ ಬಿಟ್ಟುಕೊಟ್ಟಂತೆ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಈ ವಾರವೇ ವಿಚಾರಿಸೋಣ. ನೆರೆಮನೆಯವರನ್ನೂ ಕರೆದುಕೊಂಡು ಹೋಗೋಣ.